ಎರಡು ಪ್ರದರ್ಶನಗಳ ನಡುವಿನ ಮೂರು ದಿನ

ಅಕ್ಕನ ಮಗಳು ಮೈಸೂರಿನ ‘ಕಾವಾ’ ಕಲಾ ಕಾಲೇಜಿನಲ್ಲಿ ಮುದ್ರಣಕಲೆ ಕಲಿತು ಊರಿಗೆ ಮರಳಿ ಎರಡು ವರ್ಷವಾಗಿತ್ತು. ಕೊಚ್ಚಿಯ ಮಟ್ಟಾಂಚೇರಿಯಲ್ಲಿರುವ ಒಂದು ಪುಟ್ಟ ಸಮಕಾಲೀನ ಕಲಾ ಗ್ಯಾಲರಿ, ಐದು ಮಂದಿ ಎಳೆಯ ಮುದ್ರಣ ಕಲಾವಿದರನ್ನು ಸೇರಿಸಿ ನಡೆಸಲಿರುವ ಪ್ರದರ್ಶನಕ್ಕೆ ಅವಳ ನಾಲ್ಕು ಕೃತಿಗಳನ್ನು ಆರಿಸಿಕೊಂಡಿದೆ ಎಂಬ ಸುದ್ದಿ ಜುಲೈಯಲ್ಲಿ ಬಂದಾಗ, ಮನೆಯವರಿಗೆಲ್ಲ ಸಂತೋಷವಾಯಿತು. ಆದರೆ ಚೌಕಟ್ಟು ಹಾಕಿಸಿ, ಗಾಜು ಒಡೆಯದಂತೆ, ಕಾಗದ ತೇವವಾಗದಂತೆ ಅವನ್ನು ಆಗಸ್ಟ್ ಮಳೆಯಲ್ಲಿ ಅಲ್ಲಿಗೆ ಮುಟ್ಟಿಸುವುದು ಹೇಗೆ ಎಂಬ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ಕೊರಿಯರ್‌ನವರು ಗಾಜಿನ ಸಾಮಾನಿಗೆ ಹೊಣೆ ಹೊರುವುದಿಲ್ಲ ಎಂದರು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ನನಗೆ ಬಿಡುವೂ ಇತ್ತು, ಕುತೂಹಲವೂ ಇತ್ತು. ಹೀಗೆ ಆಗಸ್ಟ್ 22ರ ಶುಕ್ರವಾರ, ಬೆಳಕು ಹರಿಯುವ ಮೊದಲೇ, ನಾವಿಬ್ಬರೂ ಮಂಗಳೂರು ಸೆಂಟ್ರಲ್‌ನಲ್ಲಿ ಪರಶುರಾಮ ಎಕ್ಸ್‌ಪ್ರೆಸ್ ಹತ್ತಿದೆವು. ಟಿವಿ ಬಂದಿದ್ದ ರಟ್ಟಿನ ದೊಡ್ಡ ಪೆಟ್ಟಿಗೆಯೊಳಗೆ, ಥರ್ಮಾಕೋಲ್ ಹಲಗೆಗಳ ನಡುವೆ, ಎರಡು ಸುತ್ತು ಬಬಲ್ ರ‍್ಯಾಪ್ ಹೊದ್ದು ಆ ನಾಲ್ಕು ಚೌಕಟ್ಟುಗಳು ಕುಳಿತಿದ್ದವು.

ಚಂದ್ರಗಿರಿ, ವಳಪಟ್ಟಣಂ ಹೊಳೆಗಳು ಕೆಂಪಗೆ ತುಂಬಿ ಹರಿಯುತ್ತಿದ್ದವು. ಕುಟ್ಟಿಪ್ಪುರಂ ದಾಟಿದ ಮೇಲೆ ಶೋರ್ನೂರಿನವರೆಗೆ ಭಾರತಪ್ಪುಳ ಹಳಿಯ ಪಕ್ಕದಲ್ಲೇ ಬರುತ್ತದೆ. ಬೇಸಿಗೆಯಲ್ಲಿ ಬರೀ ಮರಳಾಗಿ ಕಾಣುವ ಆ ನದಿಗೆ ಈಗ ದಡದಿಂದ ದಡಕ್ಕೆ ನೀರಿತ್ತು. ಸುಮಾರು 400 ಕಿಲೋಮೀಟರ್ ಪ್ರಯಾಣದ ಉದ್ದಕ್ಕೂ ನನ್ನ ಗಮನ ಮಾತ್ರ ಪೆಟ್ಟಿಗೆಯ ಮೇಲೆಯೇ ಇತ್ತು. ಕೋಯಿಕ್ಕೋಡಿನಲ್ಲಿ ಹತ್ತಿದ ಒಬ್ಬ ಹಿರಿಯರು ಅದನ್ನು ಸೋಫಾ ಎಂದೇ ಭಾವಿಸಿ ಒರಗಲು ಹೊರಟಾಗ, ಇಬ್ಬರೂ ಒಟ್ಟಿಗೇ ಕೈ ಅಡ್ಡ ಹಿಡಿದೆವು.

ಎರ್ನಾಕುಳಂನಿಂದ ಫೋರ್ಟ್ ಕೊಚ್ಚಿಗೆ ಈಗ ಬ್ಯಾಟರಿಯಿಂದ ಓಡುವ, ಹವಾನಿಯಂತ್ರಿತ ವಾಟರ್ ಮೆಟ್ರೋ ದೋಣಿ ಇದೆ. ಆದರೆ ಪೆಟ್ಟಿಗೆಯ ಗಾತ್ರ ನೋಡಿ, ಜಲಸಾರಿಗೆ ಇಲಾಖೆಯ ಹಳೆಯ ದೋಣಿಯೇ ವಾಸಿ ಎಂದುಕೊಂಡು ಅದನ್ನೇ ಹತ್ತಿದೆವು. ಬದಿಗಳಲ್ಲಿ ಇಳಿಬಿಟ್ಟ ಟಾರ್ಪಾಲಿನಿಂದ ಮಳೆಯ ಎರಚಲು ಒಳಗೆ ಬರುತ್ತಿತ್ತು. ನನ್ನ ಕೊಡೆ ಪೆಟ್ಟಿಗೆಗೆ, ನಾನು ಮಳೆಗೆ.

ದೋಣಿ ಇಳಿದು ಆಟೋದಲ್ಲಿ ಹೋಗುವಾಗ ಆಸ್ಪಿನ್‌ವಾಲ್ ಹೌಸ್‌ನ ಮುಂದೆ ಒಂದು ಕ್ಷಣ ನಿಲ್ಲಿಸಲು ಹೇಳಿದೆ. ಕಾಳುಮೆಣಸು, ನಾರು, ಎಣ್ಣೆಗಳ ವ್ಯಾಪಾರಕ್ಕಾಗಿ 19ನೆಯ ಶತಮಾನದಲ್ಲಿ ಬೆಳೆದ ಈ ಕಡಲಂಚಿನ ಗೋದಾಮುಗಳ ಸಾಲು, 2012ರ ಡಿಸೆಂಬರ್ 12ರಂದು ಕೊಚ್ಚಿ-ಮುಝಿರಿಸ್ ಬಿಯೆನಾಲೆ ಎಂಬ, ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನ ಆರಂಭವಾದಾಗ ಅದರ ಮುಖ್ಯ ನೆಲೆಯಾಯಿತು. ಆ ಮೊದಲ ಆವೃತ್ತಿಗೆ ನಾನು 2013ರ ಜನವರಿಯಲ್ಲಿ ಬಂದಿದ್ದೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್ ಜೊತೆಗೂಡಿ ಮಾಡಿದ ಕೃತಿಯೊಂದು ಅಲ್ಲಿತ್ತು: ನೂರಕ್ಕೂ ಹೆಚ್ಚು ಒರಳುಕಲ್ಲುಗಳು. ಮಿಕ್ಸಿ ಬಂದ ಮೇಲೆ ನಮ್ಮ ಊರು ಪೇಟೆಗಳ ಮನೆಗಳಿಂದ ಹೊರಬಿದ್ದ, ಒಡೆಯಲು ಮನಸ್ಸು ಬಾರದೆ ಬೀದಿಯ ಬದಿಯಲ್ಲಿ ಬಿಟ್ಟುಹೋದ ಕಲ್ಲುಗಳೇ ಕರ್ನಾಟಕದಿಂದ ಪ್ರಯಾಣ ಬೆಳೆಸಿ ಈ ಮಸಾಲೆ ವ್ಯಾಪಾರದ ಅಂಗಳಕ್ಕೆ ಬಂದು ಕುಳಿತಿದ್ದವು. ಅವುಗಳ ಕುಳಿಗಳನ್ನು ನೋಡುತ್ತ, ಇದರಲ್ಲಿ ನಮ್ಮಮ್ಮನ ಕೈ ಸವೆಸಿದ್ದು ಎಷ್ಟಿರಬಹುದು ಎಂದು ಯೋಚಿಸಿದ್ದು ಇಂದಿಗೂ ನೆನಪಿದೆ. ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ ಶೆಟ್ಟಿ 2016ರ ಮೂರನೆಯ ಆವೃತ್ತಿಗೆ ಕೃತಿಗಳನ್ನು ಆರಿಸಿ ಜೋಡಿಸುವ ಕ್ಯುರೇಟರ್ ಆಗಿದ್ದಾಗಲೂ ಬರಬೇಕೆಂದಿದ್ದೆ, ಆಗಲಿಲ್ಲ. ಈಗ ಗೇಟು ಮುಚ್ಚಿತ್ತು. ಆರನೆಯ ಆವೃತ್ತಿ ಕಲಾವಿದ ನಿಖಿಲ್ ಚೋಪ್ರಾ ಮತ್ತು ಗೋವಾದ ಕಲಾಸಂಸ್ಥೆ ಎಚ್‌ಎಚ್ ಆರ್ಟ್ ಸ್ಪೇಸಸ್‌ನ ಹೊಣೆಯಲ್ಲಿ ಆ ವರ್ಷದ (2025) ಡಿಸೆಂಬರ್ 12ಕ್ಕೆ ಶುರುವಾಗಲಿತ್ತು. ನೂರಹತ್ತು ದಿನಗಳ ಆ ಜಾತ್ರೆಗೆ ಊರು ತುಂಬುತ್ತದೆ. ಆಮೇಲಿನ ಒಂದೂವರೆ ವರ್ಷ ಇಲ್ಲಿ ಕಲೆಯ ಬಾಗಿಲು ತೆರೆದಿಡುವುದು ನಾವು ಹುಡುಕಿಕೊಂಡು ಹೊರಟಿದ್ದಂಥ ಎರಡು ಕೋಣೆಯ ಗ್ಯಾಲರಿಗಳೇ.

ಗ್ಯಾಲರಿ ಇದ್ದದ್ದು ಶುಂಠಿಯ ಮಂಡಿಗಳ ಸಾಲಿನಲ್ಲಿ, ಮರದ ಮೆಟ್ಟಿಲು ಹತ್ತಿ ಹೋಗಬೇಕಾದ ಮಹಡಿಯಲ್ಲಿ. ಕೆಳಗೆ ಗೋಣಿಚೀಲ, ಒಣಶುಂಠಿಯ ಘಾಟು. ಮೇಲೆ ಬಿಳಿ ಗೋಡೆ. ನೋಡಿಕೊಳ್ಳುವವರು ಐವತ್ತರ ಆಸುಪಾಸಿನ ಒಬ್ಬ ಮಹಿಳೆ. ಅಕ್ಕನ ಮಗಳು ಅವರನ್ನು ಮೊದಲ ಮಾತಿನಲ್ಲೇ ‘ಚೇಚಿ’ (ಅಕ್ಕ) ಎಂದು ಕರೆದದ್ದರಿಂದ ನನಗೂ ಅವರು ಚೇಚಿಯೇ ಆದರು. ಅವರು ಪೆಟ್ಟಿಗೆಯನ್ನು ನೋಡಿ ನಕ್ಕರು, ಆದರೆ ಬಿಚ್ಚಲು ಬಿಡಲಿಲ್ಲ. ಸದ್ಯದ ಪ್ರದರ್ಶನಕ್ಕೆ ಅಂದೇ ಕೊನೆಯ ದಿನ, ಸಂಜೆ ಆರರವರೆಗೆ ಅದು ತೂಗಿರುತ್ತದೆ, ಬರಲಿರುವವರ ಕೆಲಸ ಅಲ್ಲಿಯವರೆಗೆ ಗೋಡೆಗೆ ಬೆನ್ನು ಮಾಡಿ ಮೂಲೆಯಲ್ಲಿ ಕಾಯಬೇಕು, ಇದು ಇಲ್ಲಿನ ರೂಢಿ ಎಂದರು. ಇರುವವರಿಗೆ ಕೊಡಬೇಕಾದ ಮರ್ಯಾದೆ ಅದು ಎಂಬುದು ನನಗೆ ಹಿಡಿಸಿತು.

ಆ ಪ್ರದರ್ಶನ ಆಲಪ್ಪುಳದ ಕಡೆಯ ಒಬ್ಬ ಕಲಾವಿದೆಯದು, ವಿಷಯ ಕತ್ತದ ಹಗ್ಗ. ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು, ನಾರು ಬಿಡಿಸಿ, ರಾಟೆಗೆ ಕೊಟ್ಟು ಹುರಿ ಮಾಡುವ ಕೆಲಸ ಅಲ್ಲಿನ ಹೆಂಗಸರದು. 1859ರಲ್ಲಿ ಜೇಮ್ಸ್ ಡಾರಾ ಎಂಬಾತ ಆಲಪ್ಪುಳದಲ್ಲಿ ನಾರಿನ ಚಾಪೆಯ ಮೊದಲ ಕಾರ್ಖಾನೆ ತೆರೆದ ಮೇಲೆ ಆ ಹುರಿ ಕಡಲಾಚೆಯ ಮನೆಗಳ ಹೊಸ್ತಿಲಿಗೆ ಹೋಯಿತು. ಮುಂಗೋಣೆಯಲ್ಲಿ ಹಳೆಯ ಲೆಕ್ಕದ ಪುಸ್ತಕದ ಹಾಳೆಗಳ ಮೇಲೆ ಚಹಾದ ಕಂದಿನಲ್ಲಿ ಬರೆದ ಹತ್ತು ಚಿತ್ರಗಳಿದ್ದವು. ಬೆರಳು, ಗಂಟು, ಮತ್ತೆ ಬೆರಳು. ಚೆನ್ನಾಗಿದ್ದವು. ಅಷ್ಟೇ ಎಂದೂ ಹೇಳಬೇಕು. ಹಳೆಯ ಲೆಕ್ಕದ ಹಾಳೆಯ ಮೇಲೆ ಏನು ಬರೆದರೂ ಒಂದು ಬಗೆಯ ಗಾಂಭೀರ್ಯ ತಾನಾಗಿ ಬಂದುಬಿಡುತ್ತದೆ, ಅದನ್ನು ಕಲಾವಿದೆ ಗಳಿಸಿದ್ದು ಎಂದು ಹೇಳಲಾಗದು.

ಒಳಕೋಣೆಯ ಕೃತಿ ಬೇರೆಯೇ ಮಟ್ಟದ್ದು. ನೆಲದ ಉದ್ದಕ್ಕೂ, ಗೋಡೆಯಿಂದ ಗೋಡೆಗೆ, ಒಂದೂವರೆ ಅಡಿ ಅಗಲದ ಕಾಗದದ ಪಟ್ಟಿ ಹಾಸಿತ್ತು. ಅದರ ಮೇಲೆ ಕೆಸರಿನ ಹೆಜ್ಜೆಗುರುತುಗಳು. ಮೊದಲ ನೋಟಕ್ಕೆ ಯಾರೋ ನಡೆದುಹೋದಂತೆ ಕಂಡರೂ, ಬಗ್ಗಿ ನೋಡಿದಾಗ ಅದು ಹಿಂದಕ್ಕೆ ಇಟ್ಟ ಹೆಜ್ಜೆ ಎಂಬುದು ತಿಳಿಯುತ್ತದೆ: ಬೆರಳ ತುದಿ ಮೊದಲು ಊರಿ, ಅಲ್ಲಿ ಗುರುತು ಗಾಢವಾಗಿ, ಹಿಮ್ಮಡಿ ಬರುವಷ್ಟರಲ್ಲಿ ತೆಳುವಾಗಿದೆ. ಹುರಿ ಹೊಸೆಯುವ ಹೆಂಗಸು ಸೊಂಟಕ್ಕೆ ನಾರಿನ ಮೂಟೆ ಕಟ್ಟಿಕೊಂಡು, ರಾಟೆ ತಿರುಗುತ್ತಿದ್ದಂತೆ ಬೆರಳಿನಿಂದ ನಾರು ಬಿಡುತ್ತ, ಹಿಂದಹಿಂದಕ್ಕೇ ನಡೆಯುತ್ತಾಳೆ. ದಿನಕ್ಕೆ ಎಷ್ಟೋ ಮೈಲಿ, ಎಂದೂ ಮುಖ ಮಾಡದ ದಿಕ್ಕಿಗೆ. ಕಲಾವಿದೆ ತನ್ನ ಅಜ್ಜಿಯನ್ನು ಆ ಕಾಗದದ ಮೇಲೆ ನಡೆಸಿದ್ದಳಂತೆ. ಪಟ್ಟಿಯ ಕೊನೆಯಲ್ಲಿ, ಅಜ್ಜಿ ನಿಂತಲ್ಲಿ, ಎರಡು ಪಾದಗಳು ಜೊತೆಯಾಗಿದ್ದವು. ಅಲ್ಲಿಂದ ಮೇಲೆ ಗೋಡೆಯ ಒಂದು ಮೊಳೆಯವರೆಗೆ ಒಂದೇ ಎಳೆ ಹುರಿ ಬಿಗಿದಿತ್ತು. ಅದನ್ನು ನೋಡುತ್ತ ನಾನು ಎಷ್ಟು ಹೊತ್ತು ನಿಂತೆನೋ ತಿಳಿಯದು. ಚೇಚಿ ಒಂದು ಸ್ಟೂಲು ತಂದಿಟ್ಟು ಹೋದರು.

ಪಕ್ಕದಲ್ಲೇ ಹನ್ನೊಂದು ನಿಮಿಷದ ವಿಡಿಯೋ ಒಂದು ಓಡುತ್ತಿತ್ತು. ನೀರು, ತೇಲುವ ಸಿಪ್ಪೆ, ನೀರು. ಹೆಜ್ಜೆಗಳು ಮಾತಿಲ್ಲದೆ ಹೇಳಿದ್ದನ್ನು ಅದು ಇನ್ನೊಮ್ಮೆ, ನಿಧಾನವಾಗಿ ಹೇಳುತ್ತಿತ್ತು. ಗೋಡೆಗೆ ಅಂಟಿಸಿದ್ದ ಇಂಗ್ಲಿಷ್ ಟಿಪ್ಪಣಿಯಂತೂ ಅಜ್ಜಿಯ ಪಾದವನ್ನು ಬಂಡವಾಳ, ಸ್ಮೃತಿ, ದೇಹರಾಜಕೀಯ ಎಂಬ ಪದಗಳ ಕೆಳಗೆ ಹೂತುಹಾಕಿತ್ತು. ಇದು ಆ ಕಲಾವಿದೆಯೊಬ್ಬಳ ದೋಷವಲ್ಲ. ಸಮಕಾಲೀನ ಕಲೆಯ ಸಣ್ಣ ದೊಡ್ಡ ಗ್ಯಾಲರಿಗಳೆಲ್ಲವೂ ಚಿತ್ರದ ಪಕ್ಕದಲ್ಲಿ ಇಂಥ ಒಂದು ಹಾಳೆಯನ್ನು ಕೇಳುತ್ತವೆ, ಕಲಿತು ಬಂದ ಮಕ್ಕಳು ಕೈಬರಹಕ್ಕಿಂತ ಮೊದಲು ಆ ಭಾಷೆಯನ್ನು ಕಲಿಯುತ್ತಾರೆ. ಅಕ್ಕನ ಮಗಳ ಟಿಪ್ಪಣಿಯನ್ನು ನಾನು ಓದಿದ್ದೆ. ಅದೂ ಹಾಗೆಯೇ ಇತ್ತು, ಹೇಳಲು ಧೈರ್ಯವಾಗಿರಲಿಲ್ಲ.

ಸಂಜೆ ಐದರ ಹೊತ್ತಿಗೆ ಕೊನೆಯ ವೀಕ್ಷಕರಾಗಿ ಕೆಳಗಿನ ಮಂಡಿಯ ಇಬ್ಬರು ಹಮಾಲಿಗಳು ಬಂದರು. ತಿಂಗಳಿಡೀ ಅವರು ದಿನಕ್ಕೊಮ್ಮೆ ಮೇಲೆ ಬಂದು ಆ ಹೆಜ್ಜೆಗಳನ್ನು ನೋಡಿ ಹೋಗುತ್ತಿದ್ದರಂತೆ. ಒಬ್ಬಾತ ತನ್ನ ಪಾದವನ್ನು, ಮುಟ್ಟಿಸದೆ, ಗುರುತಿನ ಪಕ್ಕದಲ್ಲಿ ಹಿಡಿದು ಅಳೆದ.

ಆರಕ್ಕೆ ಬಾಗಿಲು ಹಾಕಿಕೊಂಡಿತು, ಮತ್ತು ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಪ್ರದರ್ಶನ ಇಳಿಯುವುದನ್ನು ಕಂಡೆ. ಜಾತ್ರೆ ಮುಗಿದ ಮರುದಿನದ ಗದ್ದೆಯ ಹಾಗಿರುತ್ತದೆ ಎಂದುಕೊಂಡಿದ್ದೆ. ಅದು ಆಸ್ಪತ್ರೆಯಿಂದ ರೋಗಿಯನ್ನು ಮನೆಗೆ ಕಳುಹಿಸುವ ಶಿಸ್ತಿನಲ್ಲಿ ನಡೆಯಿತು. ಪ್ರತಿಯೊಂದು ಕೃತಿಯನ್ನು ಇಳಿಸಿ ಮೇಜಿನ ಮೇಲಿಟ್ಟು, ಟಾರ್ಚನ್ನು ಓರೆಯಾಗಿ ಹಿಡಿದು, ಬಂದಾಗ ಇದ್ದ ಸ್ಥಿತಿಯ ಪಟ್ಟಿಗೂ ಈಗಿನ ಸ್ಥಿತಿಗೂ ಹೋಲಿಸಿ ಬರೆದುಕೊಂಡರು. ಒಂದು ಹಾಳೆಯ ಮೂಲೆಯಲ್ಲಿ ಸಾಸಿವೆಯಷ್ಟು ಬೂಷ್ಟು ಸಿಕ್ಕಿತು. ಮಟ್ಟಾಂಚೇರಿಯ ಮಳೆಗಾಲದಲ್ಲಿ ಇದೇ ದೊಡ್ಡ ಶತ್ರು ಎಂದರು ಚೇಚಿ: ಗಾಳಿಯ ತೇವ ನೂರಕ್ಕೆ 65 ದಾಟಿತೆಂದರೆ ಕಾಗದದ ಮೇಲೆ ಬೂಷ್ಟಿಗೆ ದಾರಿಯಾಗುತ್ತದೆ, ಇಲ್ಲಿ ಹೊರಗೆ ಅದು 90ರ ಆಸುಪಾಸಿನಲ್ಲೇ ಇರುತ್ತದೆ. ತೇವ ಹೀರುವ ಯಂತ್ರದ ಡಬ್ಬಿಯಿಂದ ದಿನಕ್ಕೆರಡು ಬಾರಿ ನೀರು ಚೆಲ್ಲಬೇಕು. ಕರೆಂಟು ಹೋದ ರಾತ್ರಿ ಅವರಿಗೆ ನಿದ್ದೆಯಿಲ್ಲ.

ಮಾರಾಟದ ಮಾತು ನಾನೇ ಎತ್ತಿದೆ. ಮಾರಾಟವಾದುದರ ಗುರುತಾದ ಕೆಂಪು ಚುಕ್ಕೆ ಅಂಟಿದ್ದು ಮೂರು ಚಿತ್ರಗಳ ಕೆಳಗೆ, ಮೂರೂ ಲೆಕ್ಕದ ಹಾಳೆಯ ಚಿತ್ರಗಳು. ಬೆಲೆಯಲ್ಲಿ ಅರ್ಧ ಕಲಾವಿದೆಗೆ, ಅರ್ಧ ಗ್ಯಾಲರಿಗೆ. ಲೋಕದ ಬಹುಪಾಲು ಗ್ಯಾಲರಿಗಳ ವಾಡಿಕೆಯೂ ಇದೇ. ಅರ್ಧ ಎಂದಾಗ ಮೊದಲು ಅನ್ಯಾಯವೆನಿಸಿತು. ಆಮೇಲೆ ಅವರು ಬಾಡಿಗೆ, ವಿದ್ಯುತ್, ಬಣ್ಣ, ವಿಮೆ, ಸಾಗಣೆಗಳ ಲೆಕ್ಕ ಹೇಳುತ್ತ ಹೋದಂತೆ, ಮೂರು ಚುಕ್ಕೆಗಳ ಅರ್ಧದಲ್ಲಿ ಇಷ್ಟೆಲ್ಲ ಹೇಗೆ ನಡೆಯುತ್ತದೆಂಬುದೇ ಸೋಜಿಗವಾಯಿತು. ಹೆಜ್ಜೆಗಳ ಪಟ್ಟಿಯನ್ನು ಯಾರೂ ಕೊಳ್ಳಲಿಲ್ಲವೇ ಎಂದು ಕೇಳಿದೆ. ಅದನ್ನು ಯಾರ ಮನೆಯಲ್ಲಿ ಹಾಸುತ್ತಾರೆ, ಸರ್, ಎಂದು ಮರುಪ್ರಶ್ನೆ ಬಂತು. ಅದನ್ನು ತೋರಿಸುವುದಕ್ಕಾಗಿಯೇ ಉಳಿದ ಹತ್ತನ್ನು ತೂಗಿದ್ದು ಎಂದೂ ಹೇಳಿದರು. ಕಾಗದದ ಪಟ್ಟಿಯನ್ನು ದಪ್ಪನೆಯ ಕೊಳವೆಗೆ ಸುತ್ತುವಾಗ, ಕೊನೆಯಲ್ಲಿ ಜೊತೆಯಾಗಿದ್ದ ಎರಡು ಪಾದಗಳು ಮೊದಲು ಒಳಗೆ ಹೋದವು.

ಶನಿವಾರ ಗೋಡೆಗಳ ದಿನ. ಮೊಳೆ ಕಿತ್ತ ತೂತುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜುಕಾಗದದಿಂದ ಸಮ ಮಾಡಿ, ಒಂದು ಕೈ ಬಿಳಿ ಬಳಿಯಬೇಕಿತ್ತು. ಕಟ್ಟಡದ ನಿಜವಾದ ಗೋಡೆ ಮುರಕಲ್ಲು ಮತ್ತು ಸುಣ್ಣದ ಗಾರೆಯದು. ಅದು ಮೊಳೆಯನ್ನು ಹಿಡಿಯುವುದಿಲ್ಲ, ಹೊಡೆದರೆ ಅಂಗೈಯಗಲ ಗಾರೆ ಉದುರುತ್ತದೆ. ಅದಕ್ಕಾಗಿ ಮುಂದೆ ಪ್ಲೈವುಡ್ಡಿನ ಸುಳ್ಳುಗೋಡೆ ಕಟ್ಟಿ, ನಡುವೆ ಗಾಳಿಯಾಡಲು ಮೂರು ಇಂಚು ಬಿಟ್ಟಿದ್ದರು. ಬಣ್ಣ ಒಣಗುವವರೆಗೆ ನಮಗೆ ಕೆಲಸವಿಲ್ಲದ್ದರಿಂದ ಊರು ಸುತ್ತಲು ಹೊರಟೆವು.

ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರಗಳನ್ನು ನಾನು ಮೂರನೆಯ ಬಾರಿ ನೋಡುತ್ತಿದ್ದೆ. 1555ರ ಸುಮಾರಿಗೆ ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ಅರಸನಿಗೆ ಕೊಟ್ಟ, ಮುಂದೆ ಡಚ್ಚರು ದುರಸ್ತಿ ಮಾಡಿಸಿದ ಆ ಮನೆಯ ಮಲಗುವ ಕೋಣೆಯಲ್ಲಿ ರಾಮಾಯಣ ಗೋಡೆಯನ್ನೆಲ್ಲ ತುಂಬಿ, ಉಸಿರಾಡಲೂ ಎಡೆಯಿಲ್ಲದಂತೆ ನಿಂತಿದೆ. ಹಿಂದಿನ ಸಂಜೆ ಕಂಡದ್ದು ಇನ್ನೂ ಕಣ್ಣಲ್ಲಿ ಇದ್ದುದರಿಂದ, ಈ ಬಾರಿ ನನಗೆ ಹೊಳೆದದ್ದು ಒಂದೇ: ಇದನ್ನು ಇಳಿಸುವಂತಿಲ್ಲ. ಇಲ್ಲಿ ಗೋಡೆಯೇ ಚಿತ್ರ, ಮುಂದಿನ ತಿಂಗಳು ಬೇರೆಯವರ ಸರದಿ ಎಂಬುದಿಲ್ಲ. ಅಕ್ಕನ ಮಗಳು ಮಾತ್ರ ಸೀತೆಯ ಸೆರಗಿನ ಗೆರೆಗಳನ್ನು ನೋಡುತ್ತ, ಇದನ್ನು ಮರದಲ್ಲಿ ಕೊರೆಯಲು ಎಷ್ಟು ಕಷ್ಟ, ಮಾವ, ಎಂದು ಮುಂದಕ್ಕೆ ಹೋದಳು.

ಮಧ್ಯಾಹ್ನ ಫೋರ್ಟ್ ಕೊಚ್ಚಿಯ ಬರ್ಗರ್ ಸ್ಟ್ರೀಟಿನ ಕಾಶಿ ಆರ್ಟ್ ಕೆಫೆಯಲ್ಲಿ ಕಾಫಿ ಕುಡಿದೆವು. 1997ರಲ್ಲಿ ಕೆಫೆ ಮತ್ತು ಗ್ಯಾಲರಿಗಳನ್ನು ಒಂದೇ ಸೂರಿನಡಿ ತಂದ ಈ ಮನೆ, ಬಿಯೆನಾಲೆಗೆ ಹದಿನೈದು ವರ್ಷ ಮೊದಲೇ, ಕೇರಳದ ಎಳೆಯ ಕಲಾವಿದರಿಗೆ ಒಂದು ಗೋಡೆ ಕೊಟ್ಟಿತ್ತು. ಅಲ್ಲಿಂದ ಪರೇಡ್ ಮೈದಾನದ ಅಂಚಿನ ಡೇವಿಡ್ ಹಾಲ್‌ಗೆ ಹತ್ತು ನಿಮಿಷದ ನಡಿಗೆ. 17ನೆಯ ಶತಮಾನದ ಕೊನೆಗೆ ಡಚ್ ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಿದ, ಎತ್ತರದ ಮರದ ಮಾಡಿನ ಈ ಬಂಗಲೆಯೂ ಈಗ ಕಲಾ ಗ್ಯಾಲರಿಯೇ. ಇದರ ಕಥೆಯೊಡನೆ ಸಾಮಾನ್ಯವಾಗಿ ಡಚ್ ಕಮಾಂಡರ್ ಹೆಂಡ್ರಿಕ್ ವಾನ್ ರೀಡನ ಹೆಸರನ್ನು ಜೋಡಿಸುತ್ತಾರೆ. ಆತ ಮಲಬಾರಿನಲ್ಲಿ ಅಧಿಕಾರದಲ್ಲಿದ್ದದ್ದು 1670ರಿಂದ 1677ರವರೆಗೆ, ಹಾಗಾಗಿ ನಂಟು ಸ್ವಲ್ಪ ಸಡಿಲವೇ. ಆದರೂ ಆ ಹೆಸರು ಕೇಳಿದ್ದರಿಂದ ಒಂದು ಉಪಕಾರವಾಯಿತು.

ಮಲಬಾರಿನ ಗಿಡಮರಗಳ ಬಗ್ಗೆ ವಾನ್ ರೀಡ್ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ವೈದ್ಯರ ಅರಿವು, ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವಿದ್ವಾಂಸರ ನೆರವು ಅದರ ಬೆನ್ನಿಗಿತ್ತು. ನಮ್ಮ ಕರಾವಳಿಯಂತೆಯೇ ಮಟ್ಟಾಂಚೇರಿಯಲ್ಲೂ ಇಂದಿಗೂ ಕೊಂಕಣಿ ಮನೆಮಾತಿನ ಕೇರಿಗಳಿವೆ. ಅಕ್ಕನ ಮಗಳಿಗೆ ಈ ಪುಸ್ತಕ ಪರಿಚಿತ, ಯಾಕೆಂದರೆ ಅದರ ಚಿತ್ರಗಳೆಲ್ಲ ತಾಮ್ರದ ಹಾಳೆಯಲ್ಲಿ ಕೊರೆದು ತೆಗೆದ ಮುದ್ರಣಗಳು. ಜಗುಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಮೊದಲ ಸಂಪುಟದ ಪುಟಗಳನ್ನು ತೆರೆದು ತೋರಿಸಿದಳು. ಮೊದಲ ನಾಲ್ಕು ಚಿತ್ರಫಲಕಗಳು ‘ತೆಂಗ’, ಅಂದರೆ ತೆಂಗಿನ ಮರದ್ದು. ಐದರಿಂದ ಎಂಟು ‘ಕಾವುಂಗ’, ಅಂದರೆ ಕಂಗು, ನಮ್ಮ ಅಡಿಕೆಮರ. ಫಲಕದ ಮೂಲೆಯಲ್ಲಿ ಒಂದೇ ಗಿಡದ ಹೆಸರು ಲ್ಯಾಟಿನ್ ಅಕ್ಷರದಲ್ಲಿ, ಮಲಯಾಳಂನಲ್ಲಿ, ಅರಬ್ಬಿಯಲ್ಲಿ, ನಾಗರಿಯಲ್ಲಿ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಿನ್ನೆ ಇಳಿದದ್ದು ತೆಂಗಿನ ನಾರು. ನಾಳೆ ಅದೇ ಗೋಡೆಗೆ ಏರಲಿರುವ ಅವಳ ನಾಲ್ಕು ಚಿತ್ರಗಳೂ ಅಡಿಕೆಯವು.

ಅವುಗಳ ಬಗ್ಗೆ ಈಗ ಹೇಳಬಹುದು. ಅಂಗಳದಲ್ಲಿ ಒಣಗಿದ ಅಡಿಕೆಯನ್ನು ರಾಶಿ ಹಾಕಿಕೊಂಡು, ಕತ್ತಿಯ ಮುಂದೆ ಕಾಲು ಚಾಚಿ ಕುಳಿತು ಸುಲಿಯುವ ಹೆಂಗಸರ ಕೈಗಳನ್ನು ಅವಳು ಮರದ ಹಲಗೆಯಲ್ಲಿ ಕೊರೆದಿದ್ದಳು. ಮುಖವಿಲ್ಲ. ಒಂದರಲ್ಲಿ ಕೈ ಮತ್ತು ಕತ್ತಿ, ಒಂದರಲ್ಲಿ ಬರೀ ಸಿಪ್ಪೆಯ ರಾಶಿ, ಒಂದರಲ್ಲಿ ಬಟ್ಟೆ ಸುತ್ತಿದ ಹೆಬ್ಬೆರಳು, ಕೊನೆಯದರಲ್ಲಿ ಎದ್ದುಹೋದವರ ಮಣೆ. ಕೊರೆದ ಹಲಗೆಗೆ ರೋಲರಿನಿಂದ ಕಪ್ಪು ಶಾಯಿ ಹಚ್ಚಿ, ಮೇಲೆ ತೆಳುವಾದ ಕೈಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ ಎತ್ತಿದ ಅಚ್ಚುಗಳವು. ಪ್ರತಿಯೊಂದನ್ನೂ ಎಂಟೇ ಪ್ರತಿ ತೆಗೆದು, ಎಡ ಕೆಳಮೂಲೆಯಲ್ಲಿ ಪೆನ್ಸಿಲಿನಿಂದ 2/8, ಅಂದರೆ ಎಂಟರಲ್ಲಿ ಎರಡನೆಯದು, ಎಂದು ಬರೆದಿದ್ದಳು. ಅಚ್ಚು ಎಂದಮೇಲೆ ನೂರು ತೆಗೆಯಬಾರದೇ ಎಂದು ಅವಳ ಅಮ್ಮ ಕೇಳಿದ್ದಳು. ತೆಗೆಯಬಹುದು; ಎಂಟಕ್ಕೆ ನಿಲ್ಲಿಸಿದ್ದೇನೆಂದು ಕೊಳ್ಳುವವರಿಗೆ ಕೊಡುವ ಮಾತೇ ಆ ಪೆನ್ಸಿಲಿನ ಅಂಕಿ.

ಶನಿವಾರ ಸಂಜೆ ಪೆಟ್ಟಿಗೆ ಬಿಚ್ಚಿದಾಗ, ಹೆಬ್ಬೆರಳಿನ ಚಿತ್ರದ ಗಾಜು ಮೂಲೆಯಿಂದ ಮೂಲೆಗೆ ಸೀಳಿರುವುದು ಕಂಡಿತು. ಎರಡು ದಿನ ಅದನ್ನು ಕಾದವನು ನಾನು. ಅವಳು ಏನೂ ಹೇಳಲಿಲ್ಲ, ಅದೇ ಹೆಚ್ಚು ನೋಯಿಸಿತು. ಅದೃಷ್ಟಕ್ಕೆ ಕಾಗದಕ್ಕೆ ಗೀರು ಬಿದ್ದಿರಲಿಲ್ಲ. ಗಾಜಿಗೂ ಕಾಗದಕ್ಕೂ ನಡುವೆ ಅಂತರ ಉಳಿಯುವಂತೆ ದಪ್ಪ ರಟ್ಟಿನ ಅಂಚು ಕೊಡಿಸಿದ್ದು ಉಳಿಸಿತು. ಚೇಚಿ ಚೌಕಟ್ಟನ್ನು ಎತ್ತಿಕೊಂಡು ನನ್ನನ್ನು ಎರಡು ಬೀದಿ ಆಚೆಯ ಒಂದು ಗಾಜಿನ ಅಂಗಡಿಗೆ ಕರೆದೊಯ್ದರು. ಗಾಜು ಬೇಡ, ಅಕ್ರಿಲಿಕ್ ಹಾಳೆ ಹಾಕಿಸಿ, ಮುಂದಿನ ಸಲ ನಾಲ್ಕಕ್ಕೂ ಅದೇ ಇರಲಿ, ಒಡೆಯುವುದಿಲ್ಲ, ಭಾರವೂ ಕಡಿಮೆ ಎಂದು ನನ್ನ ಅರೆಬರೆ ಮಲಯಾಳಂಗೆ ತಕ್ಕ ನಿಧಾನದಲ್ಲಿ ತಿಳಿಸಿದರು. ಅಕ್ರಿಲಿಕ್ಕಿಗೆ ಧೂಳು ಬೇಗ ಹಿಡಿಯುತ್ತದೆ, ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ ಎಂಬುದನ್ನು ಅಂಗಡಿಯವನು ಸೇರಿಸಿದ.

ಭಾನುವಾರ ಬೆಳಿಗ್ಗೆ ಉಳಿದ ನಾಲ್ವರ ಕೃತಿಗಳೂ ನೆಲದ ಮೇಲೆ ಗೋಡೆಗೆ ಒರಗಿದ್ದವು. ಬರೋಡಾದಲ್ಲಿ ಕಲಿತ ಇಬ್ಬರ ಎಚಿಂಗ್ (ಲೋಹದ ತಗಡಿನಲ್ಲಿ ಆಮ್ಲದಿಂದ ಕೊರೆದ ಅಚ್ಚು), ತ್ರಿಶೂರಿನ ಒಬ್ಬನ ಕಲ್ಲಚ್ಚು, ಸ್ಥಳೀಯಳೊಬ್ಬಳ ಬಣ್ಣದ ಪರದೆಯಚ್ಚು. ಯಾವುದರ ಪಕ್ಕದಲ್ಲಿ ಯಾವುದು ಎಂಬುದು ತೀರ್ಮಾನವಾಗಲು ಮೂರು ಗಂಟೆ ಹಿಡಿಯಿತು, ಮತ್ತು ಆ ಮೂರು ಗಂಟೆಯಲ್ಲಿ ನಾನು ಕಲಿತದ್ದನ್ನು ಮೂವತ್ತು ವರ್ಷದ ಪಾಠದಲ್ಲಿ ಕಲಿತಿರಲಿಲ್ಲ. ಪರದೆಯಚ್ಚಿನ ಕಿತ್ತಳೆ ಬಣ್ಣದ ಪಕ್ಕದಲ್ಲಿಟ್ಟಾಗ ಅಕ್ಕನ ಮಗಳ ಕಪ್ಪು ಬಿಳುಪು ಸತ್ತಂತಾಯಿತು. ಎಚಿಂಗಿನ ಕೂದಲೆಳೆಯ ಗೆರೆಗಳ ಪಕ್ಕದಲ್ಲಿ ಅದೇ ಚಿತ್ರ ಒರಟಾಗಿ, ಜೋರಾಗಿ ಕೂಗಿತು. ಕೊನೆಗೆ ಕಲ್ಲಚ್ಚಿನ ಬೂದುಬಣ್ಣದ ನೆರೆಯಲ್ಲಿ, ಒಳಕೋಣೆಯಲ್ಲಿ, ಅದಕ್ಕೆ ಜಾಗ ಸಿಕ್ಕಿತು. ನಾಲ್ಕನ್ನೂ ಒಂದೇ ಸಾಲಿನಲ್ಲಿ ಇಡಬೇಕೆಂದು ಅವಳ ಹಟ. ಮಣೆಯ ಚಿತ್ರವನ್ನು ಮಾತ್ರ ಎದುರು ಗೋಡೆಗೆ, ಒಂಟಿಯಾಗಿ ಹಾಕೋಣ ಎಂದು ಚೇಚಿ. ನಾನು ಅವಳ ಪರವಾಗಿಯೇ ಮಾತಾಡಿದೆ. ಹಾಕಿ ನೋಡಿದಾಗ ಚೇಚಿಯದೇ ಸರಿಯಾಗಿತ್ತು: ಮೂರು ಚಿತ್ರಗಳ ಗದ್ದಲ ನೋಡಿ ತಿರುಗಿದವರ ಕಣ್ಣಿಗೆ ಆ ಖಾಲಿ ಮಣೆ ಬೀಳುತ್ತಿತ್ತು.

ತೂಗುವುದೂ ಲೆಕ್ಕದ ಕೆಲಸ. ಚಿತ್ರ ದೊಡ್ಡದಿರಲಿ ಚಿಕ್ಕದಿರಲಿ, ಅದರ ನಡುಬಿಂದು ನೆಲದಿಂದ 58 ಇಂಚಿಗೆ ಬರಬೇಕು. ನಿಂತು ನೋಡುವವರ ಕಣ್ಣಿನ ಸರಾಸರಿ ಎತ್ತರ ಅಲ್ಲಿ ಇದೆ ಎಂಬುದು ಗ್ಯಾಲರಿಗಳ ಲೆಕ್ಕಾಚಾರ, ಕೆಲವರು 57 ಎನ್ನುತ್ತಾರೆ, ಕೆಲವರು 60. ಚೌಕಟ್ಟಿನ ಎತ್ತರ 24 ಇಂಚು, ಅದರ ಅರ್ಧ 12. ಹಿಂದಿನ ತಂತಿಯನ್ನು ಬೆರಳಿನಿಂದ ಬಿಗಿದೆಳೆದಾಗ ಅದು ಚೌಕಟ್ಟಿನ ತಲೆಯಿಂದ 3 ಇಂಚು ಕೆಳಗೆ ನಿಲ್ಲುತ್ತದೆ. ಆದ್ದರಿಂದ 58ಕ್ಕೆ 12 ಕೂಡಿಸಿ 3 ಕಳೆದರೆ ಮೊಳೆ 67 ಇಂಚಿಗೆ. ಗೋಡೆಯ ಉದ್ದಕ್ಕೆ ದಾರ ಬಿಗಿದು, ಪೆನ್ಸಿಲಿನ ಚುಕ್ಕೆ ಇಟ್ಟು, ಮೊಳೆ ಹೊಡೆದು, ಚೌಕಟ್ಟಿನ ತಲೆಯ ಮೇಲೆ ರಸಮಟ್ಟವಿಟ್ಟು ಗುಳ್ಳೆ ನಡುವಿಗೆ ಬರುವವರೆಗೆ ಸರಿಪಡಿಸುತ್ತ ಹೋದರು. ಸುತ್ತಿಗೆ ಹಿಡಿದಿದ್ದ ಹುಡುಗ ಎಲ್ಲಿಯೂ ಎರಡನೆಯ ಬಾರಿ ಹೊಡೆಯಲಿಲ್ಲ. ಕೊನೆಗೆ ಬೆಳಕು. ಕಾಗದದ ಕೃತಿಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎಂದು ಪುಟ್ಟ ಮಾಪಕವನ್ನು ಚಿತ್ರಚಿತ್ರದ ಮುಂದೆ ಹಿಡಿದು, ದೀಪಗಳನ್ನು ಒಂದೊಂದಾಗಿ ತಗ್ಗಿಸಿದರು. ಮೊದಲು ಕೋಣೆ ಮಂಕಾದಂತೆ ತೋರಿತು. ಐದು ನಿಮಿಷದಲ್ಲಿ ಕಣ್ಣು ಹೊಂದಿಕೊಂಡು, ಶಾಯಿಯ ಕಪ್ಪಿನೊಳಗೆ ಮರದ ಎಳೆಗಳು ಕಾಣತೊಡಗಿದವು.

ಹೆಸರಿನ ಚೀಟಿಗಳ ಬಗ್ಗೆ ಮಾತ್ರ ಸ್ವಲ್ಪ ಚರ್ಚೆಯಾಯಿತು. ಗ್ಯಾಲರಿಯ ಪದ್ಧತಿಯಂತೆ ಇಂಗ್ಲಿಷ್ ಮತ್ತು ಮಲಯಾಳಂ ಎರಡರಲ್ಲೂ ಅಚ್ಚಾಗಿ ಬಂದಿದ್ದವು. ಅವಳ ಸಾಲಿಗೆ ಇಂಗ್ಲಿಷಿನಲ್ಲಿ ಕೊಟ್ಟಿದ್ದ ಹೆಸರು ಮೂರು ಪದಗಳ, ಟಿಪ್ಪಣಿಯ ಭಾಷೆಯದೇ ಆದ ಒಂದು ಹೆಸರು. ಅವಳು ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಆಮೇಲೆ, ಇದು ಬೇಡ, ‘ಸುಲಿಗೆ’ ಎಂದಿರಲಿ, ಕನ್ನಡದಲ್ಲೂ ಬರೆಯಬಹುದೇ ಎಂದು ಕೇಳಿದಳು. ಸುಲಿಯುವ ಕೆಲಸವೂ ಸುಲಿಗೆಯೇ, ದೋಚುವುದೂ ಸುಲಿಗೆಯೇ. ಅದನ್ನು ಮಲಯಾಳಿಗಳಿಗೆ ವಿವರಿಸುವ ಗೋಜು ಬೇಡವೆಂದು ಚೇಚಿಗೆ ಮೊದಲ ಅರ್ಥವನ್ನಷ್ಟೇ ಹೇಳಿದೆವು. ಅವರಿಗೆ ಎರಡನೆಯದು ನಮ್ಮ ಮುಖದಲ್ಲೇ ತಿಳಿದಿರಬೇಕು. ಅಚ್ಚು ಹಾಕಿಸಲು ಭಾನುವಾರ ಅಂಗಡಿಯಿಲ್ಲ. ಮೂವತ್ತು ವರ್ಷ ಬೋರ್ಡಿನ ಮೇಲೆ ಅಕ್ಷರ ಬರೆದ ಕೈ ಇದೆಯಲ್ಲ, ಮಾವ ಬರೆಯಲಿ ಎಂದಳು. ಬಿಳಿ ಕಾರ್ಡಿನ ಮೇಲೆ, ಮಲಯಾಳಂ ಸಾಲಿನ ಕೆಳಗೆ, ಅರ್ಧ ಇಂಚಿನ ಅಕ್ಷರಗಳಲ್ಲಿ ಬರೆದೆ. ಉದ್ದನೆಯ ಟಿಪ್ಪಣಿಯ ಹಾಳೆಯನ್ನು ಅವಳು ಆಗಲೇ ಮಡಿಸಿ ಚೀಲಕ್ಕೆ ಹಾಕಿಕೊಂಡಿದ್ದಳು. ನಾನು ಕೇಳಲಿಲ್ಲ.

ಉದ್ಘಾಟನೆ ಇದ್ದದ್ದು 27ರ ಬುಧವಾರ ಸಂಜೆ. ಅವಳು ಗೆಳತಿಯ ಮನೆಯಲ್ಲಿ ಉಳಿದಳು. ನನಗೆ ಅಷ್ಟು ದಿನ ಇರಲಾಗಲಿಲ್ಲ. ಹೊರಡುವಾಗ ಚೇಚಿ ನಮ್ಮ ರಟ್ಟಿನ ಪೆಟ್ಟಿಗೆಯನ್ನು, ಥರ್ಮಾಕೋಲ್ ಮತ್ತು ಬಬಲ್ ರ‍್ಯಾಪ್ ಸಮೇತ, ನನ್ನ ಕೈಗೇ ಕೊಟ್ಟರು. ಎರಡು ಕೋಣೆಯ ಗ್ಯಾಲರಿಯಲ್ಲಿ ಐವರ ಖಾಲಿ ಪೆಟ್ಟಿಗೆಗಳನ್ನು ಇಡಲು ತಾವಿಲ್ಲ, ಇಳಿಸುವ ದಿನ ಇದನ್ನೇ ತರಬೇಕು ಎಂದು ಹೇಳಿ, ಮರೆಯದಿರಲೆಂದು ಅದರ ಮೇಲೆ ಮಾರ್ಕರಿನಲ್ಲಿ ಸೆಪ್ಟೆಂಬರ್ 28 ಎಂದು ಬರೆದರು.

ರಾತ್ರಿಯ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ಮೇಲಿನ ಬರ್ತಿನ ಕಾಲ ಬಳಿ ಪೆಟ್ಟಿಗೆ ನಿಲ್ಲಿಸಿಕೊಂಡು ಮಲಗಿದೆ. ಟಿಕೆಟ್ ನೋಡಲು ಬಂದವರು ಅದನ್ನು ತಟ್ಟಿ, ಏನಿದೆ ಒಳಗೆ ಎಂದರು. ಏನೂ ಇಲ್ಲ ಎಂದೆ. ಅವರು ನಂಬಲಿಲ್ಲ, ಮುಚ್ಚಳ ಎತ್ತಿ ತೋರಿಸಬೇಕಾಯಿತು.